ಬಾಗಿಲ ಮುಂದಿನ ಬಿಳಿ ಗಮ್‌ಬೂಟು

ನಮ್ಮ ಬಾಗಿಲ ಮುಂದೆ ಒಂದು ಜೋಡಿ ಬಿಳಿ ಗಮ್‌ಬೂಟುಗಳಿವೆ. ಇವತ್ತು ಬೆಳಗ್ಗೆ ಬಿಸಿಲಿಗಿಡಲು ಎತ್ತಿದೆ ನೋಡಿ, ಒಳಗಿನಿಂದ ಬ್ಲೀಚಿಂಗ್ ಪೌಡರಿನ ವಾಸನೆ ಗಮ್ಮನೆ ಬಂತು. ಅವು ನನ್ನವಲ್ಲ. ನನ್ನ ದಪ್ಪ ಪಾದ ಅದರೊಳಗೆ ಅರ್ಧವೂ ಇಳಿಯದು. ಮಹಾದೇವಿಯವು.

ಮಹಾದೇವಿ ಯಾದಗಿರಿ ಕಡೆಯವಳು. ಪುಣೆಯ ಧನಕವಡಿಯಲ್ಲಿರುವ ನಮ್ಮ ಫ್ಲ್ಯಾಟಿನ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಊರ ಹೊರಗಿನ ಕೋಳಿ ಕಾರ್ಖಾನೆಯಲ್ಲಿ ಕೆಲಸ. ಹಲ್ಲು ಕಟಕಟಿಸುವಷ್ಟು ತಣ್ಣನೆಯ ಕೋಣೆಯಲ್ಲಿ ನಿಂತು, ಸರಪಳಿಗೆ ತೂಗುತ್ತ ಬರುವ ಕೋಳಿಗಳ ಕಾಲು ಕತ್ತರಿಸಬೇಕು. ಸರಪಳಿ ನಿಲ್ಲುವುದಿಲ್ಲ, ಹಾಗಾಗಿ ಅವಳೂ ನಿಲ್ಲುವಂತಿಲ್ಲ. ಮಧ್ಯೆ ಶೌಚಕ್ಕೆ ಹೋಗಲು ಬಿಡುವುದಿಲ್ಲವೆಂದು ನೀರನ್ನೇ ಕುಡಿಯುತ್ತಿರಲಿಲ್ಲ. ಮನೆಗೆ ಬಂದರೆ ಮಡಚಿದ ಬೆರಳು ಬಿಚ್ಚುತ್ತಿರಲಿಲ್ಲ. ಅವು ಬಿಚ್ಚುವ ತನಕ ಬಿಸಿ ಚಹಾದ ಲೋಟ ಹಿಡಿದು ಕೂಡುತ್ತಿದ್ದಳು.

ನಾನೋ, ಮೊಟ್ಟೆಯ ಹೆಸರೆತ್ತಿದರೆ ಬಾಯಿ ತೊಳೆಸುತ್ತಿದ್ದ ವಿಜಯಪುರದ ಮನೆಯವಳು. ಒಮ್ಮೆ ತಡೆಯದೆ ಕೇಳಿಬಿಟ್ಟೆ, "ದಿನಾ ಜೀವಾ ತಗಿಯೂದು ನೋಡ್ತೀಯಲ್ಲ, ನಿನಗ ಏನೂ ಅನಸೂದಿಲ್ಲೇನು?"

"ಅನಸ್ತದ್ರಿ ಅಕ್ಕಾರ. ಮೊದಲ ಮೊದಲ ಊಟಾನ ಹೋಗಲಿಲ್ಲ. ಆಮ್ಯಾಲ ಹಸಿವಾತು," ಎಂದು ನಕ್ಕಳು. "ಕೋಳಿದು ಒಮ್ಮೆ ಮುಗೀತದ. ನಂದು ನಾಳೆ ಮತ್ತ ಅದ."

ಪುಣೆಯಲ್ಲಿ ಶ್ರಾವಣಕ್ಕೆ ಮುಂಚಿನ ಅಮಾವಾಸ್ಯೆಗೆ ಗಟಾರಿ ಎನ್ನುತ್ತಾರೆ. ತಿಂಗಳಿಡೀ ಬಿಡಬೇಕಲ್ಲ ಎಂದು ಆ ದಿನ ಮಂದಿ ಮಾಂಸದ ಮೇಲೆ ಬೀಳುವ ಪರಿ, ಅಬ್ಬಬ್ಬಾ! ಆ ವಾರ ಮಹಾದೇವಿಗೆ ಡಬಲ್ ಪಾಳಿ. ಮರುದಿನದಿಂದ ಕೆಲಸವೇ ಇಲ್ಲ, ಪಗಾರವೂ ಇಲ್ಲ. ಇಡೀ ಊರು ಪುಣ್ಯ ಕಟ್ಟಿಕೊಳ್ಳುವ ತಿಂಗಳಲ್ಲಿ ಅವಳು ಗಂಜಿ ಕುಡಿಯುತ್ತಿದ್ದಳು.

ಆ ವರ್ಷ ಶ್ರಾವಣದ ಮೊದಲ ದಿನವೇ ಸೊಸೈಟಿಯ ಸಭೆ. ಸೆಕ್ರೆಟರಿ ನಮ್ಮ ಕಡೆಯವರೇ, ಬಟ್ಟೆ ವ್ಯಾಪಾರಿ. ಎದ್ದು ನಿಂತು ನನಗೇ ಹೇಳಿದರು, "ಬಾಯಾರ, ಶ್ರಾವಣ ಸುರು ಆಗೇದ. ನಿಮ್ಮ ಕೋಳಿ ಕೊಯ್ಯಾಕಿ ಬೂಟು ಬಾಗಲ ಮುಂದ ಇಡ್ತಾಳ. ಮಂದಿಗೆ ಹೇಸಿಗಿ ಬರ್ತದ. ಕೋಣಿ ಖಾಲಿ ಮಾಡಸ್ರಿ."

"ನಿನ್ನೆ ಗಟಾರಿ ದಿನಾ ನಿಮ್ಮ ಮನಿ ಖಿಡಕಿಯಿಂದ ಮಲ್ಲಿಗಿ ವಾಸನಿ ಬರ್ತಿತ್ತೇನ್ರಿ?" ಎಂದೆ.

ಯಾರೋ ಕಿಸಕ್ಕೆಂದರು. ಅವರು ಮುಖ ಗಂಟು ಹಾಕಿ, "ತಿನ್ನೂದು ಬ್ಯಾರೆ, ಆ ಕೆಲಸಾ ಬ್ಯಾರೆ," ಎಂದರು.

ನನಗೆ ಪಿತ್ತ ನೆತ್ತಿಗೇರಿತು. "ಹೆಂಗ ಬ್ಯಾರೆ? ತಿಂದ ಬಾಯಿ ಮಡಿ, ಕೊಯ್ದ ಕೈ ಮೈಲಿಗಿ? ಕೊಲ್ಲೂದು ತಪ್ಪಂತ ನಾ ಇವತ್ತೂ ಅಂತೀನಿ. ಬೈಯೂದಿದ್ರ ನಾ ಬೈಬೇಕು, ನೀವಲ್ಲ. ಆಕಿ ಎಲ್ಲೂ ಹೋಗಂಗಿಲ್ಲ. ಏನ್ ಮಾಡ್ಕೋತೀರಿ ಮಾಡ್ಕೋರಿ!"

ಮನೆಗೆ ಬಂದರೆ ಮಹಾದೇವಿ ಬೂಟುಗಳನ್ನು ಮಂಚದ ಕೆಳಗೆ ದೂಡುತ್ತಿದ್ದಳು. ಸುದ್ದಿ ಅವಳಿಗೂ ಮುಟ್ಟಿತ್ತು. ಕಸಿದುಕೊಂಡು ಹೊರಗೆ ನನ್ನ ಚಪ್ಪಲಿಯ ಪಕ್ಕದಲ್ಲೇ ಇಟ್ಟೆ. ಅಂದಿನಿಂದ ನನ್ನನ್ನು ಅರಿಷಿಣ-ಕುಂಕುಮಕ್ಕೆ ಕರೆಯುವುದು ನಿಂತಿತು. ನಿಲ್ಲಲಿ ಬಿಡಿ, ಅವರ ಶಿರಾದಲ್ಲಿ ತುಪ್ಪವೇ ಇರುತ್ತಿರಲಿಲ್ಲ.

ಮಹಾದೇವಿಯನ್ನು ಓಡಿಸಿದ್ದು ಸೊಸೈಟಿಯಲ್ಲ, ಆ ಸರಪಳಿ. ಒಂದು ಚಳಿಗಾಲ ಬೆರಳುಗಳು ಬಿಚ್ಚಲೇ ಇಲ್ಲ. ಬಿಸಿ ಲೋಟವೂ ಸೋತಿತು. ಕಾರ್ಖಾನೆಯವರು ನಾಳೆಯಿಂದ ಬರಬೇಡ ಎಂದರು, ಅಷ್ಟೇ. ತಂಗಿಯ ಮನೆಗೆ ಹೊರಟವಳು, "ಬೂಟು ಒಗದಬಿಡ್ರಿ ಅಕ್ಕಾರ," ಎಂದಳು. ಎಸೆಯಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ ನನಗೆ.

ಇವತ್ತು ಸಂಜೆ, ಒಣಗಿದ ಬೂಟುಗಳನ್ನು ಮತ್ತೆ ಬಾಗಿಲಿಗೆ ತರುತ್ತಿದ್ದೆ. ಮೇಲಿನ ಮನೆಗೆ ಹೊಸದಾಗಿ ಬಂದಾಕೆ ಮೆಟ್ಟಿಲ ಮೇಲೆ ನಿಂತು ಮೂಗು ಮುಚ್ಚಿದಳು. ಕೈಯಲ್ಲಿ ಆಗಷ್ಟೇ ಡೆಲಿವರಿಯವ ಕೊಟ್ಟುಹೋದ ಪಾರದರ್ಶಕ ಪಾಕೀಟು. ಒಳಗೆ ನೀಟಾಗಿ ಕತ್ತರಿಸಿದ ಕೋಳಿಯ ಕಾಲುಗಳು, ಹೊರಗೆಲ್ಲ ತಣ್ಣನೆಯ ನೀರಹನಿ.

"ಯಾರವು ಇವು?" ಎಂದು ಮರಾಠಿಯಲ್ಲಿ ಕೇಳಿದಳು.

ಇಷ್ಟು ದಿನ ಯಾರು ಕೇಳಿದರೂ ಬಾಡಿಗೆಯವಳವು ಎನ್ನುತ್ತಿದ್ದೆ.

"ನನ್ನವು," ಎಂದೆ. ಅವಳು ದಾಟಿಯೇ ಹೋಗಬೇಕು ಎನ್ನುವಂತೆ, ಮೆಟ್ಟಿಲಿಗೆ ಮುಖ ಮಾಡಿ ಇಟ್ಟೆ.