ಯಾರಿಗೂ ಎದುರಾಗದ ನಡಿಗೆ

ನಮ್ಮ ಬೀದಿಯ ಜನ ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಬಯ್ದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಅವರು ಒಳ್ಳೆಯವರು. ಅವ್ವ ಜ್ವರದಲ್ಲಿ ಮಲಗಿದಾಗ ವಾರವಿಡೀ ಮುದ್ದೆ ಸಾರು ತಂದು ಬಡಿಸಿದವರು. ಆ ಒಳ್ಳೆಯವರೆಲ್ಲ ಸೇರಿ, ಯಾರ ಮನಸ್ಸಿಗೂ ನೋವಾಗದ ಹಾಗೆ, ನನ್ನ ಅತ್ತೆಯನ್ನು ಮನೆಯೊಳಗೆ ಕೂರಿಸಿಬಿಟ್ಟರು. ಕೂತರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದ ಹೆಂಗಸು ಅವಳು.

ಅತ್ತೆ ಎಂದರೆ ಅಪ್ಪನ ಅಕ್ಕ. ಪೂರಿಗಾಲಿ ಹಳ್ಳಿಗೆ ಕೊಟ್ಟಿದ್ದರು. ನಾಟಿ, ಕಳೆ, ಕುಯ್ಲು ಎಂದು ಗದ್ದೆಯಲ್ಲೇ ಬೆಳಗು ಬೈಗು ಮಾಡಿದವಳು. ಆಳುಗಳ ಬುತ್ತಿಯನ್ನು ತಲೆಯ ಮೇಲಿಟ್ಟುಕೊಂಡು ಬದುವಿನ ಮೇಲೆ ಅವಳು ನಡೆಯುತ್ತಿದ್ದರೆ ಹಿಂದೆ ನಾವು ಓಡಬೇಕಾಗಿತ್ತು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅಪ್ಪ ರೇಗಿಸುತ್ತಿದ್ದರು. ಮಕ್ಕಳಾಗಲಿಲ್ಲ. ಮಾವ ತೀರಿಕೊಂಡ ಮೇಲೆ ಅಪ್ಪ ಗಾಡಿ ಕಟ್ಟಿಸಿಕೊಂಡು ಹೋಗಿ ಅವಳನ್ನು ಮಳವಳ್ಳಿಯ ನಮ್ಮ ಮನೆಗೆ ಕರೆತಂದರು. “ದುಡ್ದಿದ್ದು ಸಾಕು ಕನಕ್ಕ. ಇನ್ಮೇಲೆ ಕೂತ್ಕಂಡು ಉಣ್ಣು” ಎಂದರು. ತಮ್ಮನಾದವನು ಅಕ್ಕನಿಗೆ ಕೊಡಬಹುದಾದ ದೊಡ್ಡ ಮರ್ಯಾದೆ ಅದೇ ಎಂದು ಅವರು ನಂಬಿದ್ದರು, ಅತ್ತೆಯೂ ನಂಬಿದಳು.

ಕೂತಳು. ಗಂಡ ಸತ್ತ ಹೆಂಗಸು ಬೀದಿಗೆ ಬಂದು ಮಾಡುವ ಕೆಲಸ ಪೇಟೆಯಲ್ಲಿ ಇರಲೂ ಇಲ್ಲ. ನಾಲ್ಕೈದು ವರ್ಷದಲ್ಲಿ ಮೈ ಊದಿತು, ಎಷ್ಟು ನೀರು ಕುಡಿದರೂ ಬಾಯಾರಿಕೆ, ಪಾದ ಜೋಮು. ಬಸ್ ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಕ್ಲಿನಿಕ್ಕು ಇಟ್ಟಿದ್ದ ಡಾಕ್ಟರಮ್ಮನ ಬಳಿಗೆ ನಾನೇ ಕರೆದುಕೊಂಡು ಹೋದೆ. ಆಗ ನಾನು ಪ್ರೈಮರಿ ಶಾಲೆಯ ಟೀಚರಮ್ಮ, ಇನ್ನೂ ಮದುವೆಯಾಗಿರಲಿಲ್ಲ. ಡಾಕ್ಟರಮ್ಮ ಗಾಜಿನ ಕೊಳವೆಯಲ್ಲಿ ನೀಲಿ ದ್ರಾವಣ ಹಾಕಿ, ಅತ್ತೆಯ ಮೂತ್ರದ ಹನಿಗಳನ್ನು ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿ ಹೋಗಿ ಇಟ್ಟಿಗೆ ಬಣ್ಣ ಬಂತು. “ಸಕ್ಕರೆ ಕಾಯಿಲೆ. ನೀಲಿ ಹಾಗೇ ಉಳಿದ್ರೆ ಏನೂ ಇಲ್ಲ ಅಂತ, ಹಸಿರಾದ್ರೆ ಸ್ವಲ್ಪ, ಇಟ್ಟಿಗೆ ಬಣ್ಣ ಅಂದ್ರೆ ತುಂಬಾ” ಎಂದರು. “ಮಾತ್ರೆ ಅರ್ಧ ಕೆಲಸ ಮಾಡುತ್ತೆ. ಮಿಕ್ಕರ್ಧ ನಿಮ್ಮ ಕಾಲು ಮಾಡಬೇಕು. ದಿನಾ ನಡೀದೇ ಹೋದ್ರೆ ಮೊದಲು ಹೋಗೋದೇ ಆ ಕಾಲು.”

ಅತ್ತೆ ನನ್ನ ಕಡೆ ತಿರುಗಿ ಕೇಳಿದಳು: “ಪಾಯಸ ಮುಟ್ಟಿ ಎಷ್ಟು ವರ್ಸಾಯ್ತು, ನಂಗ್ ಎಂಗವ್ವಾ ಬಂತು ಸಕ್ರೆ?”

ಅದೇ ಡಾಕ್ಟರಮ್ಮ ಆ ವರ್ಷ ಹೆಂಗಸರ ನಡಿಗೆಯ ಕೂಟ ಶುರುಮಾಡಿದರು. ಮನೆಮನೆಗೆ ಹೋಗಿ, ಬೆಳಗಿನ ಹೊತ್ತು ಕೆರೆ ಏರಿಯ ಮೇಲೆ ಎಲ್ಲರೂ ಒಟ್ಟಿಗೆ ನಡೆಯೋಣ ಬನ್ನಿ ಎಂದು ಕರೆದರು. ವಯಸ್ಸಿನ ಹುಡುಗಿಯರಿಗೆ ಭಾನುವಾರ ಶಾಲೆಯ ಬಯಲಿನಲ್ಲಿ ಬಾಡಿಗೆ ಸೈಕಲ್ಲು ತರಿಸಿ ಕಲಿಸುವುದಾಗಿ ಹೇಳಿದರು. ಗಂಡಸರು ನಕ್ಕಿದ್ದೇ ನಕ್ಕಿದ್ದು. “ನಡಿಯಾದುಕ್ಕೂ ಒಂದ್ ಸಂಘವಾ? ನಾಳೆ ಉಸ್ರಾಡಾದುಕ್ಕೂ ಮಾಡ್ತಾರೆ ಬುಡು” ಎಂದು ಹೋಟೆಲಿನಲ್ಲಿ ಆಡಿಕೊಂಡರು. ಆದರೂ ಒಂದಷ್ಟು ಹೆಂಗಸರು ಬಂದರು. ನಡಿಗೆ ಮಾತ್ರ ಹೊತ್ತು ಮೂಡುವ ಮುಂಚೆಯೇ ಆಗಬೇಕಾಗಿತ್ತು. ಬಿಸಿಲೇರಿದ ಮೇಲೆ ಕೆಲಸವಿಲ್ಲದ ಹೆಂಗಸು ರಸ್ತೆಯಲ್ಲಿ ಕಂಡರೆ “ಎಲ್ಗೆ ಒಂಟೆ?” ಎಂದು ಹತ್ತು ಜನ ಕೇಳುತ್ತಾರೆ, ಸುಮ್ಮನೆ ನಡೆಯುತ್ತಿದ್ದೇನೆ ಎನ್ನುವುದು ಉತ್ತರವೇ ಅಲ್ಲ. ಸಂಜೆಯಾದರೆ ದೀಪ ಹಚ್ಚುವ ಹೊತ್ತು, ಏರಿಯ ಕೆಳಗೆ ಸಾರಾಯಿ ಅಂಗಡಿ ಬೇರೆ.

ಪಾದಕ್ಕೆ ಜೋಮು ಇದ್ದದ್ದರಿಂದ ಡಾಕ್ಟರಮ್ಮ ಅತ್ತೆಗೆ ಚಪ್ಪಲಿ ಕಡ್ಡಾಯ ಮಾಡಿದರು. ಹುಟ್ಟಿದಂದಿನಿಂದ ಬರಿಗಾಲಲ್ಲಿ ನಡೆದವಳು ಮೊದಲ ದಿನ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಳು. ಮೂರನೆಯ ವಾರಕ್ಕೆ ಅವಳು ಎಲ್ಲರಿಗಿಂತ ಮುಂದೆ ಇರುತ್ತಿದ್ದಳು. ಹಿಂದಕ್ಕೆ ತಿರುಗಿ “ಬನ್ರವ್ವಾ, ಏನ್ ಎಣ ಒತ್ಕಂಡಂಗೆ ಬತ್ತೀರಿ” ಎಂದು ಬಯ್ಯುತ್ತಿದ್ದಳು. ಭಾನುವಾರ ನಾನು ಸೈಕಲ್ಲು ಕಲಿಯುವಾಗ ಕ್ಯಾರಿಯರ್ ಹಿಡಿದುಕೊಂಡು ಹಿಂದೆ ಓಡಿದವಳೂ ಅವಳೇ. ನಾನು ಬಿದ್ದೆ, ಅವಳು ನನ್ನ ಮೇಲೆ ಬಿದ್ದಳು, ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಮಾವ ಸತ್ತ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಎರಡು ತಿಂಗಳಿಗೆ ಕೊಳವೆಯಲ್ಲಿ ಹಸಿರು ಬಂತು. ಡಾಕ್ಟರಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಅತ್ತೆಗೆ ತೋರಿಸಿದರು. “ನಾಟಿ ಗದ್ದೆ ಇದ್ದಂಗದೆ” ಎಂದಳು ಅತ್ತೆ.

ಎದುರು ಮನೆಯಲ್ಲಿದ್ದದ್ದು ಬೆಲ್ಲದ ವ್ಯಾಪಾರಿಯ ಸಂಸಾರ. ಅವನು ಸಂತೆಯ ದಿನ ನಸುಕಿಗೇ ಗಾಡಿಯಲ್ಲಿ ಬೆಲ್ಲ ಹೇರಿಕೊಂಡು ಹೊರಡುತ್ತಿದ್ದ. ಒಂದು ದಿನ ಅವನ ಹೆಂಡತಿ ಬಟ್ಟಲಲ್ಲಿ ಬೆಣ್ಣೆ ತಂದಳು. ಅವ್ವನ ಜೊತೆ ಬಹಳ ಹೊತ್ತು ಅದೂ ಇದೂ ಮಾತಾಡಿ, ಕೊನೆಗೆ ಅತ್ತೆಯ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು.

“ಬೇಜಾರ್ ಮಾಡ್ಕಬ್ಯಾಡಿ ಕನಕ್ಕ. ಸಂತೆ ದಿನ ಒಂದೇ ಒಂದ್ ದಿನ ನಮ್ಮೋರ್ ಗಾಡಿ ಓದ್ಮೇಲೆ ಒಂಟ್ರೆ… ನಂಗೇನಿಲ್ಲ, ಅವ್ರಿಗ್ ವಸಿ ಮನ್ಸ್ ಅಳುಕ್ತದೆ.”

ಗಂಡ ಸತ್ತವಳು ಹೊರಟವರಿಗೆ ಎದುರಾದರೆ ಹೋದ ಕೆಲಸ ಕೆಡುತ್ತದೆ. ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನನಗೆ ಮೈ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಹೇಳಿದಳು: “ಅಯ್ಯೋ, ನೀನೇನ್ ಯೋಳದು, ನಂಗ್ ಗೊತ್ತಾಗಲ್ವಾ? ನಾನೇ ನಿಂತ್ಕಬೇಕಾಗಿತ್ತು ಕನವ್ವ.” ಬೆಣ್ಣೆಯನ್ನು ಅವ್ವ ಕಾಯಿಸಿ ತುಪ್ಪ ಮಾಡಿದಳು.

ಬೀದಿಯಲ್ಲಿ ಒಬ್ಬರಿಗೆ ಗೊತ್ತಾದದ್ದು ಎಲ್ಲರಿಗೂ ಗೊತ್ತಾದಂತೆಯೇ. ಮೂಲೆಮನೆಯವರು ಬಿತ್ತನೆಗೆ ಹೊರಡುವ ದಿನ, ಅವರ ಪಕ್ಕದವರ ಮಗ ಪರೀಕ್ಷೆಗೆ ಹೋಗುವ ದಿನಗಳು, ಮತ್ತೊಬ್ಬರ ಕೋರ್ಟಿನ ವಾಯಿದೆ, ಮಗದೊಬ್ಬರು ಹಸು ತರಲು ಹೊರಟದ್ದು. ಎಲ್ಲರೂ ಕೇಳಿದ್ದು ಒಂದೊಂದು ದಿನವನ್ನೇ, ಎಲ್ಲರೂ ಕೈ ಹಿಡಿದುಕೊಂಡೇ ಕೇಳಿದರು. ಬರುಬರುತ್ತಾ ಕೇಳುವುದೂ ಬೇಕಾಗಲಿಲ್ಲ. ಬೀದಿಯಲ್ಲಿ ಯಾರು ಎಂದು ಎಲ್ಲಿಗೆ ಹೊರಡುತ್ತಾರೆ ಎನ್ನುವುದು ಅತ್ತೆಗೆ ಬಸ್ ಕಂಡಕ್ಟರಿಗಿಂತ ಚೆನ್ನಾಗಿ ತಿಳಿದಿತ್ತು. ನಾನು ನಸುಕಿಗೆ ಎಬ್ಬಿಸಿದರೆ “ಇವತ್ ಬ್ಯಾಡ ಕನ ಕೂಸು, ಅವ್ರ ಮನೇಲಿ ಎಣ್ಣು ನೋಡಕ್ಕೆ ಒಂಟವ್ರೆ” ಎಂದು ಮಗ್ಗುಲಾಗುತ್ತಿದ್ದಳು. ಬೆಳಗಾದರೆ ಜನ ಒಂದಲ್ಲ ಒಂದು ಒಳ್ಳೆಯ ಕೆಲಸಕ್ಕೆ ಹೊರಡುತ್ತಾರೆ. ಅತ್ತೆಗೆ ನಡೆಯಲು ಉಳಿದದ್ದು ಯಾರಿಗೂ ಯಾವ ಒಳ್ಳೆಯ ಕೆಲಸವೂ ಇಲ್ಲದ ದಿನ ಮಾತ್ರ, ಅಂಥ ದಿನ ಬರಲೇ ಇಲ್ಲ.

ಡಾಕ್ಟರಮ್ಮ ಸುಮ್ಮನಿರಲಿಲ್ಲ. ಒಂದು ವಾರ ತಾವೇ ಬಾಗಿಲಿಗೆ ಬಂದು, ಹಣೆಗೆ ಕಾಸಗಲ ಕುಂಕುಮ ಇಟ್ಟುಕೊಂಡು, ಅತ್ತೆಯ ಮುಂದೆ ಮುಂದೆ ನಡೆದರು. “ಮೊದಲು ಎದುರಾಗೋಳು ನಾನು, ಮುತ್ತೈದೆ. ಆಯ್ತಲ್ಲ?” ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. ಜನ ಅವರಿಗೆ ನಮಸ್ಕಾರ ಮಾಡಿ, ಅತ್ತೆ ದಾಟುವ ತನಕ ಬಾಗಿಲ ಹಿಂದೆ ಸರಿದು ನಿಲ್ಲುತ್ತಿದ್ದರು. ಒಂದೊಂದು ಮನೆಯ ಬಾಗಿಲೂ ಅರ್ಧ ಮುಚ್ಚುವುದನ್ನು ನೋಡುತ್ತಾ ಅತ್ತೆ ತಲೆ ತಗ್ಗಿಸಿಕೊಂಡು ನಡೆದಳು. ಎಂಟನೆಯ ದಿನ ಎಷ್ಟು ಕರೆದರೂ ಏಳಲಿಲ್ಲ.

ಆಮೇಲೆ ನಾನೊಂದು ಉಪಾಯ ಹೂಡಿದೆ. ಇನ್ನೂ ಕತ್ತಲಿರುವಾಗಲೇ ಅತ್ತೆಯನ್ನು ಬಾಡಿಗೆ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹಿಂದಿನ ಓಣಿಯಿಂದ ಮದ್ದೂರು ರಸ್ತೆಗೆ ಹೋಗಿಬಿಡುವುದು, ಕೊನೆಯ ಮನೆ ದಾಟಿದ ಮೇಲೆ ಇಳಿಸಿ ನಡೆಸುವುದು. ಸ್ವಲ್ಪ ದಿನ ನಡೆಯಿತು. ತಲೆತುಂಬ ಸೆರಗು ಹೊದ್ದು, ನನ್ನ ಸೊಂಟ ಹಿಡಿದುಕೊಂಡು, “ಬೀಳುಸ್ಬುಟ್ಟೀಯೆ ಕನೇ” ಎನ್ನುತ್ತಾ ಬರುತ್ತಿದ್ದಳು. ಬೆಳೆದ ಕಬ್ಬಿನ ನಡುವಿನ ಆ ರಸ್ತೆಯಲ್ಲಿ ಅವಳು ಮತ್ತೆ ಪೂರಿಗಾಲಿಯ ನಡಿಗೆ ನಡೆದಳು. ಅಷ್ಟರಲ್ಲಿ ಮಂಡ್ಯದ ಒಂದು ಮನೆಯವರು ನನ್ನನ್ನು ನೋಡಲು ಬರುವ ಮಾತಾಯಿತು. ಅವ್ವ ಸೈಕಲ್ಲು ಮುಟ್ಟಬೇಡ ಎಂದಳು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನಿಲ್ಲಿಸಿದವಳು ಅತ್ತೆ. ಕ್ಯಾರಿಯರ್ ಮೇಲೆ ಕೈಯಿಟ್ಟು ನಿಂತಳೇ ಹೊರತು ಹತ್ತಲಿಲ್ಲ. “ದಿನಾ ಬೆಳಿಗ್ಗೆ ಎದ್ದು ಮೊದ್ಲು ನನ್ ಮೊಕ ನೋಡಿ ಒಂಡ್ತೀಯೆ. ನಿನ್ ಮದ್ವೆ ಮುರುದ್ರೆ ನಾನ್ ಎಲ್ ಸಾಯ್ಲಿ?” ಎಂದಳು. ಮುರಿದರೆ ಮುರಿಯಲಿ ಎಂದು ನಾನು ಕೂಗಾಡಿದೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕೊನೆಗೆ ಡಾಕ್ಟರಮ್ಮನೂ ಸೋತರು. “ಎಲ್ಲಾದ್ರೂ ನಡೀಲಿ, ಹಿತ್ತಲಲ್ಲಾದ್ರೂ ಸರಿ” ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮ ಬೀದಿ ತುಂಬ ಪೂಜಾರಿಗಳೇ.

ಹಿತ್ತಲಲ್ಲಿ ತುಳಸಿಕಟ್ಟೆ ಇತ್ತು. ಅದರ ಸುತ್ತಲೇ ಅತ್ತೆ ನಡೆದಳು. ಅವ್ವನಿಗೆ ಎಲ್ಲಿಲ್ಲದ ಸಮಾಧಾನ. “ಕಾಯ್ಲೆಗೂ ಆಯ್ತು, ಪುಣ್ಯಕ್ಕೂ ಆಯ್ತು” ಎಂದಳು. ಡಾಕ್ಟರಮ್ಮ ಕೊಡಿಸಿದ ಚಪ್ಪಲಿ ಮಾತ್ರ ಮೂಲೆ ಸೇರಿತು. ತುಳಸಿಗೆ ಚಪ್ಪಲಿ ಮೆಟ್ಟಿಕೊಂಡು ಸುತ್ತು ಬರುವವರು ಯಾರಿದ್ದಾರೆ? ನಾನು ಹೇಳಿದೆ, ಜಗಳವಾಡಿದೆ, ಒಂದು ದಿನ ನಾನೇ ಅವಳ ಕಾಲಿಗೆ ತೊಡಿಸಿದೆ. ಕೆನ್ನೆ ಕೆನ್ನೆ ಬಡಿದುಕೊಂಡು ಬಿಚ್ಚಿಟ್ಟಳು. ಹಿತ್ತಲಲ್ಲೇ ಸೌದೆಯ ರಾಶಿ, ಅದರಲ್ಲಿ ಜಾಲಿಯ ಸೌದೆ. ಮುಳ್ಳು ಯಾವತ್ತು ಚುಚ್ಚಿತೋ ಅವಳಿಗೇ ಗೊತ್ತಿಲ್ಲ. ಆ ಪಾದಕ್ಕೆ ನೋವು ಅನ್ನುವುದು ಆಗಲೇ ಸತ್ತುಹೋಗಿತ್ತು. ಮುರಿದ ಮುಳ್ಳಿನ ಮೇಲೆ ಅವಳು ದಿನಾ ತುಳಸಿಯನ್ನು ಸುತ್ತಿದ್ದಾಳೆ. ವಾಸನೆ ಬಂದ ಮೇಲೆ ಅವ್ವ ಅವಳ ಪಾದ ಎತ್ತಿ ನೋಡಿದಳು. ಅಂಗಾಲು ಕಪ್ಪಾಗಿತ್ತು.

ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಬೆಳಗ್ಗೆ ಸಂತೆಯ ದಿನವೇ ಆಗಿತ್ತು. ಅಪ್ಪ ಬಾಗಿಲಲ್ಲಿ ಎತ್ತಿಕೊಳ್ಳಲು ನಿಂತಿದ್ದಾರೆ, ಅತ್ತೆ ಹೊಸಿಲಿನ ಒಳಗೆ ಕೂತು ಬರುವುದಿಲ್ಲ ಎನ್ನುತ್ತಿದ್ದಾಳೆ. “ಬೆಲ್ಲದ್ ಗಾಡಿ ಓಗ್ಲಿ ಕನಪ್ಪ, ಆಮೇಲ್ ಓಗವ.” ಗಾಡಿಯ ಒಂದು ಎತ್ತು ಅವತ್ತು ಹಟ ಹಿಡಿಯಿತು. ಅದು ಹೊರಡುವ ಹೊತ್ತಿಗೆ ನಮ್ಮ ಬಸ್ಸು ಹೋಗಿತ್ತು. ಮುಂದಿನ ಬಸ್ಸಿನಲ್ಲಿ ಹೋದೆವು. ಮೊದಲು ಎರಡು ಬೆರಳು ತೆಗೆದರು, ಆಮೇಲೆ ಪಾದ. ವಿಷ ಮೇಲೇರಿದೆ, ಮೊಣಕಾಲಿನವರೆಗೆ ತೆಗೆಯಬೇಕು ಎಂದಾಗ ಅತ್ತೆ ಅಪ್ಪನ ಕೈ ಹಿಡಿದು ಮನೆಗೆ ಕರೆದುಕೊಂಡು ಹೋಗು ಎಂದಳು. ಮನೆಗೆ ಬಂದು ವಾರ ತುಂಬುವುದರೊಳಗೆ ಹೋದಳು.

ಹೆಣ ಎತ್ತಿದ್ದು ಬೆಳಗ್ಗೆ. ಬೀದಿಯ ಜನವೆಲ್ಲ ಬಂದಿದ್ದರು, ಎಲ್ಲರೂ ಅತ್ತರು, ಸುಳ್ಳು ಅಳು ಒಂದೂ ಇರಲಿಲ್ಲ. ಬೆಲ್ಲದ ವ್ಯಾಪಾರಿ ಗಾಡಿ ಕಟ್ಟದೆ ಚಟ್ಟಕ್ಕೆ ಹೆಗಲು ಕೊಟ್ಟ. ಅವನ ಮಗನಿಗೆ ಮಾತ್ರ ಅವತ್ತು ಮಂಡ್ಯದಲ್ಲಿ ಕೆಲಸದ ಸಂದರ್ಶನವಿತ್ತು, ತಪ್ಪಿಸುವಂತಿರಲಿಲ್ಲ. ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಅವನು ಮುಂಚೆಯೇ ಸಿದ್ಧನಾಗಿದ್ದ. ಅವನ ತಾಯಿ ಅವನ ರಟ್ಟೆ ಹಿಡಿದು ಬಾಗಿಲ ಒಳಗೇ ನಿಲ್ಲಿಸಿಕೊಂಡಿದ್ದಳು. ನಾನು ಅಂದುಕೊಂಡೆ, ಈಗಲೂ ಅತ್ತೆ ದಾಟಿಹೋಗಲಿ ಎಂದು ಕಾಯುತ್ತಿದ್ದಾಳೆ ಎಂದು. ಅಲ್ಲ. ಚಟ್ಟ ಅವರ ಮನೆಯ ನೇರಕ್ಕೆ ಬಂದಾಗ ಅವಳು ಮಗನನ್ನು ಮುಂದಕ್ಕೆ ತಳ್ಳಿದಳು. “ಈಗ ಒಂಡು ಕನ್ಲಾ ಮಗ, ಕೈ ಮುಗ್ಕಂಡು ಒಂಡು. ಎಣ ಎದ್ರುಗ್ ಬತ್ತಾ ಅದೆ, ಒಳ್ಳೆ ಸಕುನ.”

ಅವನು ಚಟ್ಟಕ್ಕೆ ಎದುರಾಗಿ ನಿಂತು ಕೈಮುಗಿದು ಬಸ್ ಸ್ಟ್ಯಾಂಡಿನ ಕಡೆ ನಡೆದ. ಅವನಿಗೆ ಕೆಲಸ ಸಿಕ್ಕಿತು. ಆ ಸುದ್ದಿ ಬಂದ ದಿನ ಅವಳು ನಮ್ಮ ಮನೆಗೆ ಬಂದಳು, ಅತ್ತೆ ಕೂರುತ್ತಿದ್ದ ಜಾಗದಲ್ಲಿ ಕೂತಳು, ನನ್ನ ಕೈ ಹಿಡಿದುಕೊಂಡು ಅತ್ತಳು.

“ನಿಮ್ಮತ್ತೆ ದೊಡ್ಡೋರು ಕನವ್ವ” ಎಂದಳು. “ಓಗೋ ದಿನ್ವಾದ್ರೂ ನನ್ ಮಗುನ್ಗೆ ಎದುರ್ ಬಂದ್ರು.”