ಬೂಟಿನ ಪ್ರಸ್ಥಾನ

ತಿಲಕ್ ನಗರದ ಹನುಮಯ್ಯನಿಗೆ ಇದ್ದದ್ದು ಒಂದು ಸೈಕಲ್ ಅಂಗಡಿ, ಜೋರಿನ ಹೆಂಡತಿ ರುದ್ರಮ್ಮ, ಮತ್ತೆ ವಾಸಿಯಾಗದ ಒಂದು ಕಾಯಿಲೆ. ಆ ಕಾಯಿಲೆ ನಮ್ಮ ಬಡಾವಣೆಯ ಫುಟ್‌ಬಾಲ್ ತಂಡ. ಹೊಸ ಕೋಚ್ ಬಂದಾಗಲೆಲ್ಲ ಅರ್ಧ ಹಾಕಿದ ಪಂಕ್ಚರ್ ಬಿಟ್ಟು ಬೀದಿಗೆ ಬಂದು ಸಾರುತ್ತಿದ್ದ: "ಈ ಸಲ ನೋಡು ಗುರು!"

ನೋಡಿ ನೋಡಿ ನನ್ನ ಕಣ್ಣು ಸವೆದಿತ್ತು. ಮಿಲಿಟರಿ ಕೋಚ್ ಹುಡುಗರನ್ನು ಓಡಿಸಿ ಓಡಿಸಿ ಹಾಸಿಗೆ ಹಿಡಿಸಿದ. ಕಲ್ಕತ್ತೆಯಿಂದ ಬಂದವನ ಭಾಷೆ ಯಾರಿಗೂ ತಿಳಿಯಲಿಲ್ಲ. "ಗೋಲ್ ಆಗ್ಲಿಲ್ಲ, ನಿಜ. ಆದ್ರೆ ಏನು ಸಖತ್ತಾಗಿ ಕೂಗ್ತಾನಪ್ಪ!" ಅಂತ ಹನುಮಯ್ಯ ಅವನನ್ನೂ ಮೆಚ್ಚಿಕೊಂಡ.

೧೯೭೯ರಲ್ಲಿ ತಂಡ ತಳ ಮುಟ್ಟಿತು. ಉಳಿದದ್ದು ಒಂದೇ ಪಂದ್ಯ. ಅದನ್ನೂ ಸೋತರೆ ತಂಡವನ್ನೇ ಮುಚ್ಚುತ್ತೇನೆ ಅಂತ ಅಧ್ಯಕ್ಷರಾದ ಜವಳಿ ಅಂಗಡಿ ಗುರುಶಾಂತಪ್ಪ ಗುಡುಗಿದರು. ಗುಡುಗಿ, ತಮ್ಮ ಷಡ್ಡಕ ಜಯದೇವಪ್ಪನನ್ನೇ ಕೋಚ್ ಮಾಡಿದರು. ಈ ಮಹಾನುಭಾವ ಕಾಲೇಜಿನಲ್ಲಿ ಆಡಿದ್ದು ಹಾಕಿ. ಅದರಲ್ಲೂ ಗೋಲು ಇದೆಯಲ್ಲ ಅಂತ ಹನುಮಯ್ಯನ ಸಮಾಧಾನ.

ಮೊದಲ ದಿನ ಜಯದೇವಪ್ಪ ಚೆಂಡು ಮುಟ್ಟಲಿಲ್ಲ, ಪಂಚಾಂಗ ಬಿಚ್ಚಿದ. "ಮ್ಯಾಚ್ ಭಾನುವಾರ ನಾಲ್ಕೂವರೆಗೆ. ರಾಹುಕಾಲ ಶುರುವಾಗೋದೂ ನಾಲ್ಕೂವರೆಗೆ. ಸೋಲದೆ ಇನ್ನೇನ್ರಯ್ಯಾ ಆಗುತ್ತೆ?"

ಹನುಮಯ್ಯನ ಕಣ್ಣಲ್ಲಿ ನೀರು. "ಕೇಳಿದ್ಯಾ ಮಗಾ? ಇಷ್ಟು ವರ್ಷ ಬಂದೋರೆಲ್ಲ ಚೆಂಡು ನೋಡಿದ್ರು. ಗಳಿಗೆ ನೋಡಿದೋರು ಇವರೊಬ್ಬರೇ!"

ಕೆಟ್ಟ ಗಳಿಗೆಯಲ್ಲಿ ಪ್ರಯಾಣ ಬಂದರೆ ನಮ್ಮಲ್ಲಿ ಪ್ರಸ್ಥಾನ ಇಡುವುದುಂಟು. ಒಳ್ಳೆಯ ಹೊತ್ತಿನಲ್ಲೇ ಗಂಟನ್ನು ಪಕ್ಕದ ಮನೆಯಲ್ಲಿಟ್ಟರೆ ಹೊರಟ ಹಾಗೇ ಲೆಕ್ಕ. ಆಮೇಲೆ ಹೋಗುವಾಗ ಎತ್ತಿಕೊಂಡರಾಯಿತು. ಕಾಶಿಗೆ ಹೋಗುವವರು ಇಡುತ್ತಾರೆ. ಫುಟ್‌ಬಾಲಿಗೆ ಇಟ್ಟವರು ಇವರೇ ಮೊದಲು. ಭಾನುವಾರ ಬೆಳಿಗ್ಗೆ ಹುಡುಗರ ಬೂಟುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ, ಹನುಮಯ್ಯನೇ ಹೊತ್ತು, ಅಂಗಡಿ ಪಕ್ಕದ ಮನೆಯ ಮೀನಾಕ್ಷಮ್ಮನ ಪಡಸಾಲೆಯಲ್ಲಿ ಇಟ್ಟು ಬಂದ. ನಾವು ಎಷ್ಟು ಹೊತ್ತಿಗೆ ಬರುತ್ತೇವೆ ಅಂತ ಆಯಮ್ಮನಿಗೆ ಹೇಳಬೇಕು ಅನ್ನುವುದು ಪಂಚಾಂಗದಲ್ಲಿ ಇರಲಿಲ್ಲ.

ನಾಲ್ಕು ಗಂಟೆಗೆ ಹೋದರೆ ಬಾಗಿಲಿಗೆ ಅಂಗೈಯಗಲದ ಬೀಗ. ಆಯಮ್ಮ ತಂಗಿಯ ಸೀಮಂತಕ್ಕೆ ತಲಘಟ್ಟಪುರಕ್ಕೆ ಹೋಗಿದ್ದಳು.

"ಬೀಗ ಒಡೀರೋ!" ಅಂದೆ.

"ಹೆಣ್ಣುಮಕ್ಕಳ ಮನೆ ಕಣೋ," ಅಂದ ಹನುಮಯ್ಯ. "ಕೋಚ್ ಸಾಹೇಬ್ರು ಹೇಳ್ಲಿ."

ಕೋಚ್ ಸಾಹೇಬರು ಗಡಿಯಾರ ನೋಡಿದರು, ಬೀಗ ನೋಡಿದರು, ಆಕಾಶ ನೋಡಿದರು. ಪ್ರಸ್ಥಾನ ಇಟ್ಟ ಮನೆಯ ಬೀಗ ಒಡೆದರೆ ಫಲ ನಿಲ್ಲುತ್ತದೋ ಇಲ್ಲವೋ ಅಂತ ಇಬ್ಬರಿಗೂ ಚರ್ಚೆ ಹತ್ತಿತು. ಒಡೆಯಬಹುದು ಅಂತ ತೀರ್ಮಾನವಾಗಿ ನಾನು ಕಲ್ಲೆತ್ತಿದಾಗ ಹನುಮಯ್ಯ ನನ್ನ ರಟ್ಟೆ ಹಿಡಿದ.

"ಬೇಡ! ರಾಹುಕಾಲ ಬಂತು! ಈಗ ಒಡೀಬಾರ್ದು!"

ಕಲ್ಲು ಅವನ ತಲೆಯ ಮೇಲೆ ಬೀಳದೆ ಹೋದದ್ದು ರುದ್ರಮ್ಮನ ತಾಳಿಭಾಗ್ಯ.

ಜಯನಗರದ ಮೈದಾನದಲ್ಲಿ ಹುಡುಗರು ಹವಾಯಿ ಚಪ್ಪಲಿಯಲ್ಲಿ ಸಾಲಾಗಿ ನಿಂತಿದ್ದರು. ಬೂಟಿಲ್ಲದೆ ಆಡಿಸುವ ಹಾಗಿಲ್ಲ ಅಂದ ರೆಫರಿ, ನಿಯಮದಷ್ಟು ಹೊತ್ತು ಕಾದು, ಎದುರಾಳಿಗಳು ಗೆದ್ದರು ಅಂತ ಸೀಟಿ ಊದಿಬಿಟ್ಟ. ಗುರುಶಾಂತಪ್ಪ ತಂಡದ ಬಾವುಟ ಕಿತ್ತು, ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಗೋಲ್‌ಕೀಪರ್ ಅಂಗಿ ಬಿಚ್ಚಿ ಅದರಲ್ಲೇ ಮುಖ ಮುಚ್ಚಿಕೊಂಡ. ತಂಡ ಅಲ್ಲಿಗೆ ಮುಗಿಯಿತು.

ಹನುಮಯ್ಯ ಬಹಳ ಹೊತ್ತು ಖಾಲಿ ಗೋಲುಕಂಬ ನೋಡುತ್ತ ಕೂತ. ಇವನ ಕಾಯಿಲೆ ಇವತ್ತಿಗೆ ಬಿಟ್ಟಿತು ಅಂದುಕೊಂಡೆ.

"ಒಂದು ಮಾತು ಹೇಳ್ಲಾ? ಬೈಬೇಡ," ಅಂದ. "ಈ ಕೋಚ್ ಬಂದ್ಮೇಲೆ ನಮ್ ಮೇಲೆ ಒಬ್ಬನೂ ಗೋಲ್ ಹೊಡೆದಿಲ್ಲ."

ಬೈದೆ. ಅವನ ಮೂರು ತಲೆಮಾರನ್ನೂ ಸೇರಿಸಿ ಬೈದೆ. ಅವನು ಪೂರ್ತಿ ಕೇಳಿಸಿಕೊಂಡು, ಎದ್ದುಹೋಗಿ, ತಲೆ ತಗ್ಗಿಸಿ ನಿಂತಿದ್ದ ಜಯದೇವಪ್ಪನ ಕೈ ಹಿಡಿದುಕೊಂಡ.

"ಸಾರ್, ಹುಡುಗರನ್ನ ನಾನು ಎಲ್ಲಿಂದಾದ್ರೂ ಹುಡುಕ್ತೀನಿ. ನೀವು ಮಾತ್ರ ಬೇರೆ ಟೀಮಿಗೆ ಹೋಗ್ಬೇಡಿ."