ತವರಿನ ಮಿಕ್ಸಿ

ನಮ್ಮತ್ತೆಯ ಬಲಗೈ ಎಡಗೈಗಿಂತ ದಪ್ಪ. ಚಿಕ್ಕಂದಿನಿಂದ ಗುಂಡುಕಲ್ಲು ತಿರುಗಿಸಿ ತಿರುಗಿಸಿ ಆ ಮುಂಗೈ ಹಗ್ಗದಂತೆ ಹುರಿಗಟ್ಟಿತ್ತು. ಬಳೆಗಾರ ಬಂದರೆ ಅವರಿಗಾಗಿ ಎರಡು ಅಳತೆಯ ಬಳೆ ತೆಗೆಯಬೇಕು. "ಒಂದೊಂದು ಕೈ ಒಬ್ಬೊಬ್ಬರದು ಇದ್ದಂಗೈತೆ ಕಣವ್ವ" ಎಂದು ಅವನು ಪ್ರತಿ ಸಲವೂ ಅನ್ನುತ್ತಿದ್ದ. ಅತ್ತೆ ಪ್ರತಿ ಸಲವೂ ಹೊಸದಾಗಿ ಕೇಳಿದವರಂತೆ ನಗುತ್ತಿದ್ದರು.

ಮಾಯಸಂದ್ರದ ಹತ್ತಿರದ ಆ ಹಳ್ಳಿಗೆ ನಾನು ಸೊಸೆಯಾಗಿ ಹೋದಾಗ ಅವರ ಮಾತು ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು. ಇಲ್ಲ ಎನ್ನುವುದು ಅವರ ಬಾಯಲ್ಲಿ ಬರುತ್ತಿರಲಿಲ್ಲ. "ಆಗ್ಲಿ, ನೋಡಾನ" ಅಂದರೆ ಆಗುವುದಿಲ್ಲ ಎಂದೇ ಮನೆಯವರೆಲ್ಲ ತಿಳಿಯುತ್ತಿದ್ದರು. ಸೊಂಟಕ್ಕೆ ಸಿಕ್ಕಿಸಿಕೊಂಡ ಬಟ್ಟೆಯ ಚೀಲದಲ್ಲಿ ಸದಾ ಒಂದು ಚೂರು ಕೊಬ್ಬರಿ, ಒಂದು ಚೂರು ಬೆಲ್ಲ. ಅಳುತ್ತಿರುವವರು ಮಕ್ಕಳಾಗಲಿ ದೊಡ್ಡವರಾಗಲಿ, ಅದನ್ನು ಕೈಗಿಟ್ಟು, "ಮೊದ್ಲು ಇದ ತಿನ್ನು, ಆಮೇಲೆ ಅಳು" ಅನ್ನುವರು. ತಿಂದ ಮೇಲೆ ಅಳು ಮುಂದುವರಿಸಿದವರನ್ನು ನಾನು ಕಾಣೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಬಾಣಂತನ ಮುಗಿಸಿ ಚಿಕ್ಕನಾಯಕನಹಳ್ಳಿಯ ತವರಿನಿಂದ ಹೊರಟಾಗ, ನಿವೃತ್ತ ಮೇಷ್ಟರಾಗಿದ್ದ ಅಪ್ಪ ತಿಪಟೂರಿನಿಂದ ಒಂದು ಮಿಕ್ಸಿ ತಂದುಕೊಟ್ಟರು. ಹೆರಿಗೆಯಾದ ಮೇಲೆ ನನ್ನ ಮಣಿಕಟ್ಟು ನೋಯುತ್ತಿತ್ತು, ಒರಳಿನ ಮುಂದೆ ಕೂತರೆ ಕಣ್ಣಲ್ಲಿ ನೀರು ಬರುತ್ತಿತ್ತು. ಅದನ್ನು ಅಪ್ಪ ಕಂಡಿದ್ದರು. ನಮ್ಮ ಬೀದಿಗೆ ಅದೇ ಮೊದಲ ಮಿಕ್ಸಿ. ಅತ್ತೆ ಅದರ ಸದ್ದು ಕೇಳಿ, "ಇದು ಅರೆಯಾಕಿಲ್ಲ, ಬೈತದೆ" ಎಂದು ಮಗುವನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದರು.

ತಿಂಗಳು ತುಂಬಿರಲಿಲ್ಲ. ಚಟ್ನಿಪುಡಿಗೆ ಕೊಬ್ಬರಿ ಹಾಕಿ ತಿರುಗಿಸುತ್ತಿದ್ದೆ, ಸುಟ್ಟ ವಾಸನೆ ಬಂತು. ಹಿಂದೆಯೇ ಹೊಗೆ. ಮಿಕ್ಸಿ ಒಮ್ಮೆ ಗೊರಗೊರ ಅಂದು ನಿಂತಿತು. ದಂಡಿನಶಿವರದಿಂದ ಬಂದು ಉಳಿದುಕೊಂಡಿದ್ದ ದೊಡ್ಡ ನಾದಿನಿ ಬಾಗಿಲಲ್ಲೇ ಇದ್ದರು. "ತೌರಿನೋರು ಕೊಟ್ಟಿದ್ದು ಇನ್ನೆಷ್ಟು ದಿನ ಬಾಳ್ತದೆ, ಅಗ್ಗದ್ದು ನೋಡಿ ತಂದಿರ್ತಾರೆ" ಅಂದುಬಿಟ್ಟರು.

ಬಚ್ಚಲ ಹಿಂದೆ ನಿಂತು ಅಳುತ್ತಿದ್ದೆ. ಅತ್ತೆ ಬಂದು ಕೊಬ್ಬರಿ ಬೆಲ್ಲ ಕೈಗಿಟ್ಟರು. "ನಿಮ್ಮಪ್ಪ ಕೊಟ್ಟಿದ್ದು ಕೆಟ್ಟಿಲ್ಲ ಕಣವ್ವ. ಯಾವನೋ ಮಾಡಿದ್ದು ಕೆಟ್ಟೈತೆ. ಗ್ಯಾರಂಟಿ ಐತಲ್ಲ? ನಡಿ, ಕೇಳಾನ."

ಹೋಗಲಿ ಬಿಡಿ ಎಂದ ನನ್ನ ಗಂಡನ ಮಾತಿಗೆ, "ಆಗ್ಲಿ, ನೋಡಾನ" ಎಂದು ಮಿಕ್ಸಿಯನ್ನು ಹಳೇ ಸೀರೆಯಲ್ಲಿ ಸುತ್ತಿ ಹೊರಟೇಬಿಟ್ಟರು. ತುರುವೇಕೆರೆಯಲ್ಲಿ ಬಸ್ಸು ಬದಲಾಯಿಸುವಾಗಲೂ ಅದನ್ನು ನನ್ನ ಕೈಗೆ ಕೊಡಲಿಲ್ಲ.

ತಿಪಟೂರಿನ ಅಂಗಡಿಯವರು ಜಾರು ತೆಗೆದು ಮೂಸಿದರು. "ಕೊಬ್ಬರಿ ಹಾಕಿದ್ರಾ?"

ಹೂಂ ಎಂದೆ. ಅವರು ಗ್ಯಾರಂಟಿ ಕಾರ್ಡು ತಿರುಗಿಸಿ ಇಂಗ್ಲಿಷಿನ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟರು. "ಗಟ್ಟಿ ಪದಾರ್ಥ ಹಾಕಿ ಮೋಟ್ರು ಸುಟ್ರೆ ಕಂಪನಿಯೋರು ಒಪ್ಪಲ್ಲ ಕಣ್ರೀ."

"ತಿಪಟೂರಲ್ಲಿ ಕೂತ್ಕೊಂಡು ಕೊಬ್ಬರಿ ಅರೀಬ್ಯಾಡಿ ಅಂದ್ರೆ ಹೆಂಗೆ ಸ್ವಾಮಿ?" ಎಂದರು ಅತ್ತೆ.

ಅಂಗಡಿಯಲ್ಲಿದ್ದ ಗಿರಾಕಿಗಳು ನಕ್ಕರು. ಅಂಗಡಿಯವರಿಗೂ ನಗು ಬಂತು. "ಬೆಂಗಳೂರಿನ ಕಂಪನಿಯೋರಿಗೆ ಅದು ಗೊತ್ತಾಗಬೇಕಲ್ಲವ್ವ. ನೀವು ಒರಳಲ್ಲಿ ಅರೆದೋರು. ನಿಮಗ್ಯಾಕೆ ಇದರ ಮೇಲೆ ಇಷ್ಟು ಹಠ?"

ಅತ್ತೆ ದನಿ ತಗ್ಗಿಸಿ, "ನಂಗೆ ಮಿಕ್ಸಿ ಬ್ಯಾಡ ಕಣಪ್ಪ. ಈ ಹುಡುಗಿಯ ಅಪ್ಪ, ಮಗಳ ಕೈ ನೋಯ್ತದೆ ಅಂತ ತಂದುಕೊಟ್ಟವ್ರೆ. ಇದು ಮೂಲೆ ಸೇರಿದ್ರೆ ನಮ್ಮನೇಲಿ ಇವಳ ತೌರಿಗೊಂದು ಮಾತು ಉಳ್ಕತದೆ. ನಾನು ಇರೋಗಂಟ ಅದು ಉಳೀಬಾರ್ದು" ಎಂದರು.

ನಾದಿನಿಯ ಮಾತು ಅವರ ಕಿವಿಗೂ ಬಿದ್ದಿತ್ತೆಂದು ನನಗೆ ತಿಳಿದದ್ದು ಆಗಲೇ.

ಅಂಗಡಿಯವರು ಕಾರ್ಡನ್ನು ಮಡಿಚಿದರು. "ಬುಟ್ಟೋಗಿ ತಾಯಿ. ಬರೆದು ಕಳಿಸ್ತೀನಿ. ಆಗೇ ಆಗ್ತದೆ ಅಂತ ಮಾತು ಕೊಡಾಕಾಗಲ್ಲ."

ವಾರಗಳು ಹೋದವು, ಸುದ್ದಿಯಿಲ್ಲ. ಮಸಾಲೆ, ಚಟ್ನಿ, ದೋಸೆಹಿಟ್ಟು ಎಲ್ಲವನ್ನೂ ಅತ್ತೆಯೇ ರುಬ್ಬಿದರು. ಅಷ್ಟರಲ್ಲಿ ಒಂದು ಸಂಜೆ ಮೊಮ್ಮಗುವನ್ನು ನೋಡಲು ಅಪ್ಪ ಬಂದರು. ಕಾಲು ತೊಳೆದು ಕೂತವರೇ, "ಮಿಕ್ಸಿ ಚೆನ್ನಾಗಿ ಓಡ್ತಿದೆಯೇನಮ್ಮ?" ಎಂದು ಅಡುಗೆಮನೆಯ ಕಡೆ ನೋಡಿದರು.

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅತ್ತೆಯ ದನಿ ಬಂತು. "ಪಕ್ಕದ ಮನೆಯೋರು ಈಸ್ಕೊಂಡು ಹೋಗವ್ರೆ ಬೀಗ್ರೇ. ಅವರ ಹುಡುಗೀನ ನೋಡಾಕೆ ಗಂಡಿನೋರು ಬತ್ತಾವ್ರಂತೆ."

ಬಾಯಿ ತಪ್ಪಿ ಸುಳ್ಳು ಬಂದೀತೆಂದು ದೀಪ ಹಚ್ಚುವ ಹೊತ್ತಿನಲ್ಲಿ ಮಾತೇ ಆಡದ ಹೆಂಗಸು ಅವರು. ಕಾಫಿ ಕುಡಿಯುತ್ತಿದ್ದ ನಾದಿನಿ ಲೋಟದಿಂದ ತಲೆ ಎತ್ತಿದರು. ಅತ್ತೆ ಬಾಗಿಲಿಗೆ ಬಂದು ಅವರನ್ನೊಮ್ಮೆ ನೋಡಿದರು, ಅಷ್ಟೆ. ನಾದಿನಿ ಮತ್ತೆ ಲೋಟ ತುಟಿಗಿಟ್ಟರು.

ಬೆಳಗ್ಗೆ ನಮ್ಮ ಮನೆಯ ಒರಳು ಮಾತಾಡಲಿಲ್ಲ. ಅತ್ತೆ ತೆಂಗಿನಕಾಯಿ ತುರಿ ತೆಗೆದುಕೊಂಡು ಪಕ್ಕದ ಮನೆಗೆ ಹೋಗಿ, ಅವರ ಒರಳಿನಲ್ಲಿ ಕೂತು ಬೆಣ್ಣೆಯಂತೆ ರುಬ್ಬಿಕೊಂಡು ಬಂದರು. ಅಪ್ಪ ದೋಸೆ ಮುರಿದು ಚಟ್ನಿಗೆ ಅದ್ದಿ, "ನೋಡಿದ್ರಾ ತಾಯಿ, ಮಿಕ್ಸಿ ಅಂದ್ರೆ ಮಿಕ್ಸಿ! ಎಷ್ಟು ನುಣ್ಣಗಾಗಿದೆ!" ಎಂದರು. ಅತ್ತೆ ಸೆರಗಿನಿಂದ ಬೆವರು ಒರೆಸಿಕೊಂಡು, "ಹೂಂ ಕಣ್ರೀ, ಭಾರಿ ಚೂಟಿ ಅದು" ಎಂದು ಇನ್ನೊಂದು ದೋಸೆ ಹಾಕಿದರು.

ಕೊನೆಗೆ ಅಂಗಡಿಯವರೇ ಹೇಳಿಕಳಿಸಿದರು. ಮೋಟಾರು ಮೊದಲಿನಿಂದಲೂ ಸರಿಯಿರಲಿಲ್ಲವಂತೆ, ಕಂಪನಿಯವರು ಹೊಸದನ್ನೇ ಹಾಕಿ ಕಳಿಸಿದ್ದರು. ಅತ್ತೆ ಹಾಗೇ ಎತ್ತಿಕೊಂಡು ಬರಲಿಲ್ಲ. ಸೊಂಟದ ಚೀಲದಿಂದ ಕೊಬ್ಬರಿ ತೆಗೆದು ಚೂರು ಮಾಡಿ ಜಾರಿಗೆ ಹಾಕಿಸಿ, ಪುಡಿಯಾದ ಮೇಲೆ ಮೊದಲ ಚಿಟಿಕೆಯನ್ನು ಅಂಗಡಿಯವರ ಅಂಗೈಗೆ ಇಟ್ಟರು. ಮನೆಗೆ ಬಂದು ಅದನ್ನು ನಾದಿನಿಯ ಎದುರಿಗೇ ಅದರ ಜಾಗದಲ್ಲಿ ಕೂರಿಸಿದರು.

ಅತ್ತೆ ತೀರಿಕೊಂಡದ್ದು ಆ ದಶಕದ ಕೊನೆಗೆ. ಜ್ವರವೆಂದು ಮಲಗಿದವರು ಏಳಲಿಲ್ಲ. ಅಪ್ಪ ಅವರಿಗಿಂತ ಮೊದಲೇ ಹೋಗಿದ್ದರು, ಆ ಚಟ್ನಿಯ ಗುಟ್ಟು ತಿಳಿಯದೆಯೇ.

ನಮ್ಮಲ್ಲಿ ಸತ್ತ ಹೆಂಗಸಿಗೆ ತವರಿನವರು ಸೀರೆ ಹೊದಿಸಬೇಕು. ಅತ್ತೆಗೆ ತವರೆಂಬುದು ಇರಲಿಲ್ಲ. ಹೆತ್ತವರನ್ನು ಕೂಸಾಗಿದ್ದಾಗಲೇ ಕಳೆದುಕೊಂಡವರು. ಸಾಕಿ ಮದುವೆ ಮಾಡಿಕೊಟ್ಟ ಸೋದರಮಾವನ ಮನೆಯಲ್ಲೂ ಯಾರೂ ಉಳಿದಿರಲಿಲ್ಲ. ಸುದ್ದಿ ಕಳಿಸುವಾಗ ನಾನು ತಮ್ಮನಿಗೆ ಒಂದು ಸೀರೆ ತಾ ಎಂದು ಹೇಳಿಸಿದ್ದೆ. ಅವನು ಚಿಕ್ಕನಾಯಕನಹಳ್ಳಿಯಿಂದ ಬಂದು ಅಂಗಳದಲ್ಲಿ ಸೀರೆ ಹಿಡಿದು ನಿಂತಾಗ, ಹಿರಿಯರೊಬ್ಬರು ತಡೆದರು. "ಸೊಸೆ ತೌರಿನೋರು ಹೊದಿಸೋದು ಎಲ್ಲಾದ್ರೂ ಉಂಟಾ?"

ತಲೆದೆಸೆಯಲ್ಲಿ ಕೂತಿದ್ದ ನಾದಿನಿ ಕಣ್ಣೊರೆಸಿಕೊಂಡರು. "ಹೊದಿಸ್ಲಿ ಬುಡಿ ದೊಡ್ಡಪ್ಪ. ನಮ್ಮವ್ವಂಗೂ ಅದೇ ತೌರು."

ತಮ್ಮ ಮಡಿಕೆ ಬಿಡಿಸಿದ. ಒಂದು ತುದಿಯನ್ನು ನಾದಿನಿ ಹಿಡಿದರು, ಇನ್ನೊಂದನ್ನು ನಾನು.